ತ್ಯಾಗಮಯಿಗೆ ಒಂದು ಶಾಲು

ವಿದೇಶಕ್ಕೆ ಹೊರಟವರನ್ನು ಹಾರ ಹಾಕಿ ಕಳಿಸುವ ಚಾಳಿ ಒಂಟಿಕೊಪ್ಪಲಿಗೆ ಯಾವಾಗ ಅಂಟಿತೋ! ೨೦೦೪ರ ಆ ಭಾನುವಾರ, ನಿವೃತ್ತ ನೌಕರರ ಸಂಘದ ವೇದಿಕೆಯ ಮೇಲೆ ಸುಗಂಧರಾಜದ ಹಾರದಲ್ಲಿ ಗದ್ದದವರೆಗೆ ಹೂತು ಕೂತಿದ್ದ ಸಿದ್ದಲಿಂಗಮ್ಮನಿಗೆ ಹೇಸಿಗೆಯಾಗುತ್ತಿತ್ತು. ಒಂದು ಪಕ್ಕ ಗಂಡ ಷಡಕ್ಷರಿ, ಇನ್ನೊಂದು ಪಕ್ಕ ಅವನಣ್ಣ ಮಹದೇವಪ್ಪ. ಭಾವನವರು ಕೇಸರಿಬಾತು ಮುಗಿಸಿ, ಬೆರಳುಗಳನ್ನು ಒಂದೊಂದಾಗಿ ಚೀಪಿ, ಕೈಯನ್ನು ಮೇಜಿನ ಬಟ್ಟೆಗೆ ಒರೆಸಿದರು.

ಸಿದ್ದಲಿಂಗಮ್ಮ ಮೂವತ್ತೆರಡು ವರ್ಷ ಭೂಗೋಳ ಪಾಠ ಮಾಡಿದವಳು. ಬೋರ್ಡಿನ ಮೇಲೆ ನೈಲ್ ನದಿ ಎಳೆದಾಗಲೆಲ್ಲ ಯಾವುದಾದರೂ ಮಗು ಎದ್ದು ನಿಲ್ಲುತ್ತಿತ್ತು. "ಮಿಸ್, ನೀರು ಕೆಳಗಿಂದ ಮೇಲಕ್ಕೆ ಎಂಗೆ ಹರಿಯುತ್ತೆ?"

"ಮೇಲಿರೋದು ಉತ್ತರ ಕಣೋ, ನಕ್ಷೇಲಿ ಹಂಗೆ ಕಾಣುತ್ತೆ" ಎಂದು ಹೇಳಿದ್ದೇ ಬಂತು. ಒಮ್ಮೆಯಾದರೂ ಆ ದಡದಲ್ಲಿ ನಿಂತು ನೋಡಬೇಕೆಂಬ ಆಸೆ ಮಾತ್ರ ಹಾಗೇ ಉಳಿದಿತ್ತು. ಈಗ ಈಜಿಪ್ಟ್ ಪ್ರವಾಸ ಕೂಡಿ ಬಂದಿತ್ತು. ಇಬ್ಬರ ಅರ್ಜಿಯನ್ನೂ ತುಂಬಿ, ಸಾಲಿನಲ್ಲಿ ನಿಂತು ಪಾಸ್‌ಪೋರ್ಟ್, ವೀಸಾ ಮಾಡಿಸಿದವಳು ಅವಳೇ. ಷಡಕ್ಷರಿ ಸಹಿ ಹಾಕಿದ್ದ, ಅದೂ ಎಲ್ಲಿ ಎಂದು ಕೇಳಿಕೊಂಡು. ಬುಧವಾರ ವಿಮಾನ.

ಷಡಕ್ಷರಿ ಮೈಕಿನ ಮುಂದೆ ನಿಂತ. "ಒಂದು ಸಂತೋಷದ ಸುದ್ದಿ ಕಣ್ರೀ. ನಮ್ಮಣ್ಣ ಇದುವರೆಗೂ ವಿಮಾನ ಹತ್ತಿಲ್ಲ. ಅದಕ್ಕೇ ನಮ್ಮನೆಯವರು ತಮ್ಮ ಸೀಟನ್ನ ಅಣ್ಣನಿಗೆ ಬಿಟ್ಟುಕೊಟ್ಟವ್ರೆ. ಇಂಥ ತ್ಯಾಗಮಯಿ ಎಲ್ಲಿ ಸಿಗ್ತಾರೆ!"

ಸಭೆ ಚಪ್ಪಾಳೆ ತಟ್ಟಿತು. ಸಿದ್ದಲಿಂಗಮ್ಮನ ಕಿವಿಗೂ ಆ ಸುದ್ದಿ ಮೊದಲ ಸಲ ಬಿದ್ದದ್ದು ಆಗಲೇ. ಯಾರೋ ನುಸಿಗುಳಿಗೆ ನಾರುವ ಶಾಲು ತಂದು ಅವಳಿಗೆ ಹೊದಿಸಿದರು. ಭಾವ ಪಕ್ಕಕ್ಕೆ ಬಾಗಿದರು. "ನಿನಗ್ಯಾಕಮ್ಮ ಆ ಮರಳುಗಾಡು? ನದಿ ನೋಡ್ಬೇಕು ಅಂದ್ರೆ ಶ್ರೀರಂಗಪಟ್ಟಣ ಇಲ್ವಾ?"

ತುಪ್ಪದ ತೇಗು ಮುಖಕ್ಕೇ ಬಡಿಯಿತು. ಆದರೆ ಅದಕ್ಕಿಂತ ಹೆಚ್ಚು ಹೇಸಿಗೆ ತರಿಸಿದ್ದು ಗಂಡನ ಹಲ್ಕಿರಿತ. ಬಸ್ಸಿನ ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ ಹಿಡಿದುಕೊಟ್ಟಿದ್ದಾನಲ್ಲ, ವೀಸಾದಲ್ಲಿ ಯಾರ ಮುಖವಿದೆ ಎಂಬುದಾದರೂ ಈ ಮಹಾನುಭಾವನಿಗೆ ಗೊತ್ತಿದೆಯೇ?

ಅವಳು ಹಾರ ಕಿತ್ತು ಕುರ್ಚಿಯ ಮೇಲೆಸೆದು ಮೈಕು ಹಿಡಿದಳು. "ವೀಸಾದಲ್ಲಿರೋದು ನನ್ನ ಹೆಸರು, ನನ್ನ ಫೋಟೋ. ಭಾವನೋರು ಹೋಗೋಕಾಗಲ್ಲ."

ಷಡಕ್ಷರಿಯ ಮುಖ ಹುಳ್ಳಗಾಯಿತು. "ಅಯ್ಯೋ, ಅಣ್ಣನಿಗೆ ಮಾತು ಕೊಟ್ಬುಟ್ಟೆನಲ್ಲೇ! ಅವರನ್ನ ಬಿಟ್ಟು ನಾವೆಂಗೆ ಹೋಗೋದು?"

"ನೀವು ಹೋಗ್ಬೇಡಿ." ಅವಳು ಶಾಲು ತೆಗೆದು ಅವನ ಹೆಗಲಿಗೆ ಹೊದಿಸಿದಳು. "ಇದು ಬಿಟ್ಟುಕೊಟ್ಟೋರಿಗೆ ತಾನೇ? ನಿಮ್ಮ ಸೀಟು ನೀವು ಬಿಡಿ. ಅಣ್ಣ ತಮ್ಮ ಇಬ್ರೂ ಶ್ರೀರಂಗಪಟ್ಟಣಕ್ಕೆ ಹೋಗ್ಬನ್ನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಆಟೋ ಹಿಡಿದು ಮನೆಗೆ ಬಂದು, ಸೂಟ್‌ಕೇಸಿನಿಂದ ಷಡಕ್ಷರಿಯ ಬಟ್ಟೆಗಳನ್ನು ತೆಗೆದು ಮಂಚದ ಮೇಲಿಟ್ಟಳು.