ಕರಸಾಲ್ ಸಾಹೇಬರ ಮಂಚಗಳು

ಜರ್ಮನಿಯ ಬೊಬ್ಲಿಂಗೆನ್ನಿನ ವೃದ್ಧಾಶ್ರಮದ ಹಿಂದಿನ ಅಂಗಳದಲ್ಲಿ ಜೆಸಿಂತಾ ಮತ್ತು ಮರಿಸೆಲ್ ಮಂಚ ತಿಕ್ಕುತ್ತಿದ್ದರು. ಫೆಬ್ರವರಿಯ ಚಳಿ. ಬಕೆಟ್ಟಿನ ಬಿಸಿನೀರು ಆಗಲೇ ಆರಿಹೋಗಿ ಬೆರಳು ಸೆಟೆದಿದ್ದವು. ಬೆಳಗಿನಿಂದ ಮುದುಕರನ್ನು ಎತ್ತಿ, ಹೊರಳಿಸಿ, ತೊಳೆದು ಇಬ್ಬರ ಸೊಂಟವೂ ಬಿದ್ದಿತ್ತು. ಪಾಳಿ ಮುಗಿದ ಮೇಲೆ ಇದು ಸಂಬಳವಿಲ್ಲದ ಕೆಲಸ. ಆಶ್ರಮ ಕೈಬಿಟ್ಟ ಹಳೆಯ ಮಂಚಗಳ ತುಕ್ಕು ಕೆರೆದು, ಬಣ್ಣ ಬಳಿದು, ಇಗರ್ಜಿಯ ಮೂಲಕ ಫಿಲಿಪೀನ್ಸಿಗೆ, ಮರಿಸೆಲ್‌ಳ ಊರಿನ ಆಸ್ಪತ್ರೆಗೆ ಕಳಿಸಬೇಕು. ಹಿಂದಿನ ವರ್ಷವೂ ಒಂದು ಕಂಟೇನರ್ ಹೋಗಿತ್ತು.

ಜೆಸಿಂತಾ ಉಡುಪಿ ಕಡೆಯ ಶಿರ್ವದವಳು. ಮರಿಸೆಲ್ ಮೀನುಗಾರರ ಮಗಳು. ಒಡಕು ಜರ್ಮನ್‌ನಲ್ಲೇ ಇಬ್ಬರಿಗೂ ಗೆಳೆತನ ಕುದುರಿತ್ತು.

"ಈ ಮಂಚದ ಮೇಲೆ ನಿನ್ನ ಅಮ್ಮ ಮಲಗಬಹುದು," ಅಂದಳು ಜೆಸಿಂತಾ.

"ಅಮ್ಮ ಚಾಪೆಯ ಮೇಲಿದ್ದಾಳೆ," ಅಂದಳು ಮರಿಸೆಲ್. "ಪಾರ್ಶ್ವವಾಯು ಹೊಡೆದ ದಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಕರಸಾಲ್ ಮನೆಯಿಂದ ಚೀಟಿ ತನ್ನಿ ಅಂದರು. ನಮಗೆ ಯಾರು ಚೀಟಿ ಕೊಡುತ್ತಾರೆ? ನನ್ನ ತಮ್ಮ ಎದುರು ಪಕ್ಷಕ್ಕೆ ಪೋಸ್ಟರ್ ಹಚ್ಚಿದ್ದನಲ್ಲ."

ಎಲಿಸೆಯೊ ಕರಸಾಲ್‌ನ ಅಜ್ಜ ಆ ಊರಿನ ಮೇಯರ್, ಅಪ್ಪ ಮೇಯರ್. ಇವನು ಮೀಸೆ ಮೂಡುವ ಮೊದಲೇ ಯುವಜನ ಸಭೆಯ ಅಧ್ಯಕ್ಷ. ಆಮೇಲೆ ಕೌನ್ಸಿಲರ್, ಉಪಮೇಯರ್, ಮೇಯರ್. ಸತತ ಮೂರು ಅವಧಿ ಮುಗಿದರೆ ಕುರ್ಚಿ ಬಿಡಬೇಕೆಂಬುದು ಅಲ್ಲಿನ ಕಾನೂನು. ಬಿಟ್ಟ, ಹೆಂಡತಿಗೆ. ಕುರ್ಚಿಯಲ್ಲಿ ಅವಳಿದ್ದರೂ ಜನ ಮೇಯರ್ ಅಂತ ಕರೆಯುತ್ತಿದ್ದುದು ಅವನನ್ನೇ. ಮೇ ತಿಂಗಳ ಚುನಾವಣೆಗೆ ಮತ್ತೆ ಅವನೇ ನಿಂತಿದ್ದ. ಕೌನ್ಸಿಲಿಗೆ ಈ ಸಲ ಮಗನೂ ನಿಂತಿದ್ದ.

ಮಂಚ ಕೊಟ್ಟವರಿಗೆ ಕೃತಜ್ಞತೆ ಹೇಳಲು ಅವನೇ ಜರ್ಮನಿಗೆ ಬಂದ. ಇಗರ್ಜಿಯ ಸಭಾಂಗಣದಲ್ಲಿ ಊಟ. ಅಡುಗೆ ಮಾಡಿದವರು, ಬಡಿಸಿದವರು ಆಶ್ರಮದ ಫಿಲಿಪಿನೊ ಹೆಂಗಸರೇ. ಕರಸಾಲ್ ಗೋಡೆಯ ಮೇಲೆ ಚಿತ್ರ ತೋರಿಸಿದ. ಬಿಳಿ ಕೋಣೆ, ಸಾಲು ಮಂಚ, ಪ್ರತಿ ಮಂಚದ ತಲೆಗೂ ಕರಸಾಲ್ ಅಂತ ದೊಡ್ಡ ಅಕ್ಷರ. ಪಾದ್ರಿಗಳು ಚಪ್ಪಾಳೆ ತಟ್ಟಿದರು.

ಅನ್ನದ ತಟ್ಟೆ ಹಿಡಿದಿದ್ದ ಮರಿಸೆಲ್ ನಿಂತಲ್ಲಿಂದಲೇ ಕೇಳಿದಳು: "ಮೇಯರ್, ನಿಮ್ಮ ಚೀಟಿಯಿಲ್ಲದೆ ನನ್ನ ಅಮ್ಮನಿಗೆ ಮಂಚ ಇಲ್ಲ ಅಂದರು. ಈ ಚಿತ್ರದಲ್ಲಿ ಎಲ್ಲವೂ ಖಾಲಿ ಇವೆಯಲ್ಲ?"

ಕರಸಾಲ್ ನಕ್ಕ. ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದ. "ನೀನು ನೊನೊಯ್‌ನ ಅಕ್ಕ ಅಲ್ಲವೇ? ಹೇಗಿದೆ ಅವನ ದೋಣಿ? ಹುಷಾರಾಗಿರಲು ಹೇಳು. ಸಮುದ್ರವನ್ನು ನಂಬಲಿಕ್ಕಾಗದು."

"ನೋಡಿ, ಒಬ್ಬೊಬ್ಬರ ಹೆಸರೂ ಇವರಿಗೆ ಗೊತ್ತು!" ಅಂದರು ಪಾದ್ರಿಗಳು.

ಮರಿಸೆಲ್ ತಟ್ಟೆಯನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದಳು. ಜೆಸಿಂತಾಳ ಮೈ ಉರಿದುಹೋಯಿತು. ಉಳಿದ ಹೆಂಗಸರು ಬಡಿಸುವುದನ್ನು ಮುಂದುವರಿಸಿದರು.

ಅಂದು ಜೆಸಿಂತಾಳನ್ನು ಕಾರಿನಲ್ಲಿ ಮನೆಗೆ ಬಿಟ್ಟವನು ಶೈಲೇಶ. ಇಳಕಲ್ಲಿನ ಹುಡುಗ, ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್‌ಕಾರ್ಡ್ ಮೇಲೆ ಬಂದ ಎಂಜಿನಿಯರ್, ಅವಳ ಮನೆಯ ಮೇಲಿನ ಮಹಡಿಯ ಬಾಡಿಗೆದಾರ.

"ನಮ್ಮೂರಾಗೂ ಇದ ಕಥಿ ಅಕ್ಕಾರ. ಮುತ್ಯಾ ಎಮ್ಮೆಲ್ಲೆ, ಅಪ್ಪ ಎಮ್ಮೆಲ್ಲೆ, ಈಗ ಮಗಾ ತಯಾರಾಗ್ಯಾನ. ನಾವು ಚಪ್ಪಾಳಿ ಹೊಡ್ಯಾಕ ಹುಟ್ಟೇವಿ."

"ಮತ್ತೆ ನಾಡಿದ್ದು ಮಂಚ ಹೇರುವ ಲಾರಿ ಓಡಿಸುದು ನೀನೇ ಅಲ್ವಾ ಮಾರಾಯಾ?"

"ಪಾದ್ರಿಗೋಳು ಕೇಳ್ಯಾರ, ಒಪ್ಪೀನಿ. ನಂದು ಐದ ವರ್ಷದ ಪರ್ಮಿಟ್ಟು. ಇಲ್ಲದ ಲಫಡಾ ನಮಗ್ಯಾಕ್ರಿ?"

ಶನಿವಾರ ಬೆಳಿಗ್ಗೆ ಲಾರಿ ಬಂತು. ಮೊದಲ ಮಂಚ ಎತ್ತುವಷ್ಟರಲ್ಲಿ ಮರಿಸೆಲ್ ಅದರ ಮೇಲೆ ಕೂತುಬಿಟ್ಟಳು. ಏಳು ಅಂದರೂ ಏಳಲಿಲ್ಲ. ಜೆಸಿಂತಾ ಎರಡನೆಯದರ ಮೇಲೆ ಕೂತಳು. ಉಳಿದ ಹೆಂಗಸರು ಮುಖ ಮುಖ ನೋಡಿಕೊಂಡರು. ಅವರ ಮನೆಯವರೂ ಕರಸಾಲ್‌ನ ಊರಿನಲ್ಲೇ ಇದ್ದರು. ಆದರೂ ಒಬ್ಬೊಬ್ಬರಾಗಿ ಬಂದು ಕೂತರು.

"ಫ್ರಾವ್ ಜೆಸಿಂತಾ, ಇದು ಬಡವರಿಗೆ ಹೋಗುವ ಮಂಚ," ಅಂದರು ಪಾದ್ರಿಗಳು.

"ಕಳೆದ ವರ್ಷ ಕಳಿಸಿದ್ದರ ಮೇಲೆ ಯಾವ ಬಡವರು ಮಲಗಿದ್ದಾರೆ ಫಾದರ್? ಒಬ್ಬರ ಹೆಸರು ಹೇಳಿ."

ಪಾದ್ರಿಗಳು ಲಾರಿಯ ಕಡೆ ತಿರುಗಿ ಮಂಚ ಹೇರಲು ಸನ್ನೆ ಮಾಡಿದರು. ಶೈಲೇಶ ಎಂಜಿನ್ ಆರಿಸಿ ಕೆಳಗಿಳಿದ.

"ನಾ ಖಾಲಿ ಗಾಡಿ ಬೇಕಾದ್ರ ಒಯ್ತೀನಿ. ಇವ್ರನ್ನ ಎಬ್ಬಿಸಿ ಮಂಚ ಮಾತ್ರ ಒಯ್ಯಂಗಿಲ್ಲ," ಅಂತ ಕನ್ನಡದಲ್ಲೇ ಜೆಸಿಂತಾಳಿಗೆ ಹೇಳಿದ. ಪಾದ್ರಿಗಳಿಗೆ ಅವಳು ಜರ್ಮನ್‌ನಲ್ಲಿ ತಿಳಿಸಿದಳು. ಲಾರಿ ಖಾಲಿ ಹೋಯಿತು.

ಆದರೆ ಆ ಖಾಲಿ ಲಾರಿಯನ್ನೂ ಕರಸಾಲ್ ಬಿಡಲಿಲ್ಲ. ಊರ ತುಂಬ ಮೈಕ್ ಕಟ್ಟಿಸಿ ಕೂಗಿಸಿದ: ನಿಮ್ಮ ಮಂಚ ಬರದಂತೆ ತಡೆದವಳು ಮರಿಸೆಲ್! ಮೇ ತಿಂಗಳಲ್ಲಿ ಅವನು ಹಿಂದೆಂದೂ ಸಿಗದಷ್ಟು ಮತದಿಂದ ಗೆದ್ದ. ಮಗನೂ ಗೆದ್ದ. ನೊನೊಯ್‌ನ ಮೀನುಗಾರಿಕೆಯ ಪರವಾನಗಿ ರದ್ದಾಯಿತು.

ಒಂದು ಮಧ್ಯಾಹ್ನ ಸ್ಟೇಷನ್ ಪಕ್ಕದ ಕಾಲ್‌ಶಾಪಿನಿಂದ ಮರಿಸೆಲ್ ಊರಿಗೆ ಫೋನ್ ಮಾಡಿದಳು. ಜೊತೆಗೆ ಜೆಸಿಂತಾ ಇದ್ದಳು. ಮಾತು ನಡುನಡುವೆ ನಿಂತಾಗ ಮರಿಸೆಲ್ ಅವಳಿಗೆ ಜರ್ಮನ್‌ನಲ್ಲಿ ಹೇಳುತ್ತಿದ್ದಳು.

"ತಮ್ಮ ಬೈಯುತ್ತಿದ್ದಾನೆ. ಕರಸಾಲ್‌ನ ಕ್ಷಮೆ ಕೇಳು, ಮಂಚ ಕಳಿಸು ಅನ್ನುತ್ತಾನೆ. ಕೇರಿಯ ಹೆಂಗಸರೆಲ್ಲ ನಮ್ಮ ಮನೆ ಬಾಗಿಲಿಗೆ ಬಂದಿದ್ದಾರಂತೆ."

"ಅವರಲ್ಲಿ ಯಾರಾದರೂ ಆ ಮಂಚದಲ್ಲಿ ಮಲಗಿದ್ದಾರಾ ಕೇಳು."

ಮರಿಸೆಲ್ ಕೇಳಿದಳು. ನೊನೊಯ್ ಅದನ್ನು ಬಾಗಿಲಲ್ಲಿದ್ದವರಿಗೆ ಕೂಗಿ ಹೇಳಿದ. ಆಮೇಲೆ ಗಲಾಟೆ. ಯಾರೋ ನೊನೊಯ್‌ನ ಕೈಯಿಂದ ಫೋನ್ ಕಿತ್ತುಕೊಂಡಂತಾಯಿತು. ಒಬ್ಬ ಹೆಂಗಸು ತನ್ನ ಹೆರಿಗೆಯ ದಿನ ಆಸ್ಪತ್ರೆಯ ಗೇಟಿನಿಂದಲೇ ಅಟ್ಟಿದ್ದನ್ನು ಹೇಳಿದಳು. ಅವಳ ಕೈಯಿಂದ ಇನ್ನೊಬ್ಬಳು ಫೋನ್ ಇಸಿದುಕೊಂಡಳು. ಅವಳ ಗಂಡನನ್ನೂ ಅಟ್ಟಿದ್ದರು. ಮರಿಸೆಲ್‌ಗೆ ಬಾಯಿ ಹಾಕಲೂ ಎಡೆಯಿರಲಿಲ್ಲ. ಅವಳು ರಿಸೀವರನ್ನು ಜೆಸಿಂತಾಳ ಕಿವಿಗೆ ಹಿಡಿದಳು. ಅರ್ಥವಾಗದ ಭಾಷೆಯಲ್ಲಿ, ಮತ್ತೆ ಮತ್ತೆ ಕರಸಾಲ್‌ನ ಹೆಸರೆತ್ತಿ, ಒಂದು ಹೆಣ್ಣುದನಿ ಗಂಟಲು ಹರಿಯುವಂತೆ ಕೂಗುತ್ತಿತ್ತು. ಹಿಂದಿನಿಂದ ಇನ್ನಷ್ಟು ದನಿಗಳು ಸೇರುತ್ತಿದ್ದವು.

"ಯಾರಿವಳು?" ಅಂತ ಕೇಳಿದಳು ಜೆಸಿಂತಾ.

"ನನ್ನನ್ನು ಬೈಯಲು ಬಂದವಳು," ಅಂದಳು ಮರಿಸೆಲ್.