ಮೈಗೆ ಬಂದ ಸಿಟ್ಟು

ಕಾರ್ಬಾಲಿಕ್ ವಾಸನೆ, ಬೆಳಗಿನಿಂದ ಮೂಗಿನಲ್ಲೇ ಕೂತಿರುವ ವಾಸನೆ, ಈಗ ಯಾಕೋ ಅಷ್ಟು ಕಟುವೆನಿಸುತ್ತಿಲ್ಲ—ತರೀಕೆರೆ ಆಸ್ಪತ್ರೆಯ ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಕೂತ ದಾಕ್ಷಾಯಣಮ್ಮ ಇನ್ನೊಮ್ಮೆ ಉಸಿರೆಳೆದುಕೊಂಡಳು, ಗಂಡನಿಗೆ ಬಂದದ್ದು ಕುಷ್ಠ ಅಲ್ಲವಂತೆ, ದವಡೆ ಕೊಯ್ಯುವುದೂ ಬೇಡವಂತೆ, ಡಾಕ್ಟರೇ ಬಾಯಿಬಿಟ್ಟು ಹೇಳಿದರಲ್ಲ, ಶಿವನಿಯಿಂದ ಗಾಡಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಎರಡೇ ಯೋಚನೆ. ಮೊದಲು ಗಂಡನ ಗಡ್ಡದಲ್ಲಿ ಕಾಸಿನಗಲದ ಹುಳುಕಡ್ಡಿ, ಕರುವಿನ ಕುತ್ತಿಗೆಯ ಮೇಲೂ ಅಂಥದ್ದೇ ಬಿಳಿ ಹೊಟ್ಟು, ಯಾರು ಗಮನಿಸಿದರು, ಆಮೇಲೆ ದವಡೆ ಊದಿತು, ಕೂದಲ ಬುಡಬುಡದಲ್ಲೂ ಕೀವು, ನೆರೆಮನೆಯ ಹಾಲಮ್ಮ ಕಿವಿಯ ಹತ್ತಿರ ಬಂದು, ಅದು ದೊಡ್ಡ ರೋಗ ಕಣೇ, ತಟ್ಟೆ ಬ್ಯಾರೆ ಇಡು. ಅವಳು ಇಡಲಿಲ್ಲ, ಗಂಡನೇ ಇಟ್ಟುಕೊಂಡ, ತನ್ನ ತಟ್ಟೆ ತಾನೇ ತೊಳೆದು ಕೊಟ್ಟಿಗೆಯ ಗೂಡಿನಲ್ಲಿ, ಹಾಸಿಗೆಯೂ ಅಲ್ಲಿಗೇ, ಬಡಿಸಲು ಹೋದರೆ ದೂರದಿಂದ ಹಾಕು ಅನ್ನುವುದು, ಕೊನೆಕೊನೆಗೆ ಅದೊಂದೇ ಮಾತು ಉಳಿದಿತ್ತು.

ಆಗಲೇ ಒಳಗೆ ಡಾಕ್ಟರು ಚಿಮುಟದಿಂದ ಗಂಡನ ಗಡ್ಡದ ಒಂದು ಕೂದಲು ಎಳೆದರು, ನೋಯಿತೇ ಈರಭದ್ರಪ್ಪ, ಇಲ್ಲ ಸ್ವಾಮಿ, ಗಾಜಿನ ಮೇಲಿಟ್ಟು ಹಿತ್ತಾಳೆಯ ಕೊಳವೆಗೆ ಕಣ್ಣು ಹಚ್ಚಿ ಕೂತರು, ಎಷ್ಟು ಹೊತ್ತು, ಆ ಹೊತ್ತಿನಲ್ಲಿ ಅವಳು ದೇವಿ ಅಂತರಘಟ್ಟಮ್ಮನಿಗೆ ಏನೇನು ಹೇಳಿಕೊಂಡಳೋ ಈಗ ನೆನಪಿಲ್ಲ, ತಾಯಿಗಾದರೂ ನೆನಪಿರಲಿ. ಬೂಷ್ಟು ಕಣಮ್ಮ, ಉಪ್ಪಿನಕಾಯಿಗೆ ಹಿಡಿಯುತ್ತಲ್ಲ, ಆ ಜಾತಿಯದು, ದನದಿಂದ ಹತ್ತಿದೆ. ಮತ್ತೆ ಈ ಬಾವು ಸ್ವಾಮಿ? ಬಾವು ಮಾಡಿರೋದು ಇವರ ಮೈಯೇ, ಬೂಷ್ಟನ್ನು ಹೊರಗೆ ದಬ್ಬೋಕೆ ಸಿಟ್ಟಾಗಿದೆ, ಕೊಯ್ದರೆ ಕಲೆ ಉಳಿಯುತ್ತೆ ಅಷ್ಟೇ, ಬಿಸಿನೀರಿನ ಬಟ್ಟೆ ಹಾಕೋಣ, ಸಡಿಲವಾದ ಕೂದಲು ಕೀಳೋಣ, ತಾನಾಗಿ ಇಳಿಯುತ್ತೆ, ವಸ್ತ್ರ ಬೇರೆ ಇರಲಿ, ತಟ್ಟೆ ಬೇರೆ ಬೇಡ. ತಟ್ಟೆ ಬೇರೆ ಬೇಡ—ಅವಳು ಕೇಳಿರಲೇ ಇಲ್ಲ, ಅವರಿಗೆ ಹೇಗೆ ಗೊತ್ತಾಯಿತೋ. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಕರಿಯಪ್ಪ, ಅವನ ಸೊಂಟದ ಸುತ್ತ ವರ್ಷಗಟ್ಟಲೆಯ ಹುಳುಕಡ್ಡಿ, ಬಾವಿಲ್ಲ, ಕೀವಿಲ್ಲ, ವಾಸಿಯೂ ಇಲ್ಲ, ಇವನ ಮೈ ಅದರ ಜೊತೆ ರಾಜಿಯಾಗಿಬಿಟ್ಟಿದೆ ಅಂದರು ಡಾಕ್ಟರು, ಅವನು ಮಲಗಿದಲ್ಲಿಂದಲೇ, ನನ್ ಮೈಗೂ ಸ್ವಲ್ಪ ಸಿಟ್ಟು ಬರ್ಸಿ ಸ್ವಾಮಿ, ನಗಬಾರದಿತ್ತು, ಆಸ್ಪತ್ರೆಯಲ್ಲಿ, ನಕ್ಕೇಬಿಟ್ಟಳು. ಸಿಟ್ಟು, ತನ್ನ ಗಂಡನಿಗೆ, ದಾಯಾದಿ ಬದು ಒತ್ತಿದಾಗಲೂ ಹೋಗ್ಲಿ ಬಿಡು ಅಂದವನಿಗೆ, ಒಂದು ದಿನವೂ ಅವಳ ಮೇಲೆ ದನಿ ಎತ್ತದವನಿಗೆ, ಒಳಗೆಲ್ಲಿ ಅಡಗಿತ್ತೋ ಇಷ್ಟು ಸಿಟ್ಟು, ಯಾರಿಗೂ ಹೇಳದೆ ತಾನೊಂದೇ ಕಾದಾಡಿದೆ ಆ ಮೈ, ಎಲ್ಲರೂ ಅದನ್ನೇ ರೋಗ ಅಂದುಕೊಂಡರು, ಅವಳೂ.

ಹೆಜ್ಜೆಯ ಸಪ್ಪಳ, ಅವನೇ, ದವಡೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಬಂದ, ಅಷ್ಟು ದೂರದಲ್ಲಿ ನಿಂತ, ಅಭ್ಯಾಸ, ಅವಳು ಬುತ್ತಿ ಬಿಚ್ಚಿದಳು, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ತಟ್ಟೆ ಒಂದೇ, ತಲೆ ಎತ್ತಲಿಲ್ಲ, ಎತ್ತಿದರೆ ಅಳು ಬಂದುಬಿಡುತ್ತದೆ. ಜರುಗೇ, ನಾನೂ ಕೂತ್ಕಂತೀನಿ. ಜರುಗಿದಳು. ಅವನ ತೋಳು ಅವಳ ತೋಳಿಗೆ ತಾಗಿತು, ಬೆಚ್ಚಗೆ, ಬಟ್ಟೆ ತೆಗೆದಿಟ್ಟು, ಅವಳು ಮುರಿದ ರೊಟ್ಟಿಯ ಇನ್ನೊಂದು ತುದಿಯಿಂದಲೇ ಮುರಿದು ಬಾಯಿಗಿಟ್ಟುಕೊಂಡ, ಊದಿದ ದವಡೆ ನಿಧಾನ ಮೇಲಕ್ಕೆ, ಕೆಳಕ್ಕೆ, ಕೆಂಪು ಬಾವಿನ ಅಂಚಿಗೆ ಅಂಟಿದ ಒಂದು ಕಪ್ಪು ಹುಚ್ಚೆಳ್ಳು, ಅದೂ ಮೇಲಕ್ಕೆ, ಕೆಳಕ್ಕೆ, ಒರೆಸಬೇಕು, ಒರೆಸಲಿಲ್ಲ, ಒರೆಸಿದರೆ ಉಣ್ಣುವುದು ನಿಲ್ಲಿಸಿಯಾನು, ಮೇಲಕ್ಕೆ, ಕೆಳಕ್ಕೆ, ಆ ಕಪ್ಪು ಹುಚ್ಚೆಳ್ಳು—