ಮಂಗಳವಾರ ಹನ್ನೊಂದಕ್ಕೆ ಹೈದರಾಬಾದ್

ಝಿಪ್ಪು ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಸುಮಂಗಲಾ ನೆಲಕ್ಕೆ ಕೂತು, ಅವ್ವನ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡು, ಎರಡೂ ಕೈಯಿಂದ ಜಗ್ಗಿದಳು.

"ಹಂಗ ಜಗ್ಗಬ್ಯಾಡ ಸುಮಾ," ಎಂದಳು ಬಾಗಿಲಲ್ಲಿ ನಿಂತಿದ್ದ ಗೌಹರಬೇಗಂ. "ಒಳಗ ರೊಟ್ಟಿ ಡಬ್ಬಿ ಅದ. ಮ್ಯಾಲ ಒತ್ತಿ ಹಿಡದು ತೆಗಿಬೇಕು. ದೇವಕ್ಕ ಹಂಗೇ ತೆಗಿತಾಳ."

ತೆಗಿತಾಳ ಎಂದದ್ದು ಅವಳ ಕಿವಿಗೇ ಬಿತ್ತು.

ದೇವಕಮ್ಮ ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ನಸುಕಿನ ಐದಕ್ಕೆ ನೀರು ಕಾಯಿಸಲು ಎದ್ದವಳು ಬಚ್ಚಲ ಮುಂದೆ ಕುಸಿದಿದ್ದಳು. ಗಂಡ ಸಾಬಣ್ಣ ಎತ್ತಿ ಗೋಡೆಗೆ ಒರಗಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐವತ್ತಾರು ವರ್ಷ. ರೊಟ್ಟಿ ವ್ಯಾಪಾರದಲ್ಲಿ ಅವಳ ಜೊತೆಗಾತಿ ಗೌಹರಬೇಗಂ ಎರಡು ಓಣಿಯ ಆಚೆಯಿಂದ ಬರಿಗಾಲಲ್ಲಿ ಓಡಿ ಬಂದಿದ್ದಳು. ವಡಗೇರಾದಲ್ಲಿ ಶಾಲೆಯ ಟೀಚರ್ ಆಗಿರುವ ಮಗಳು ಸುಮಂಗಲಾ ಬಂದು ತಲುಪಿದಾಗ ಎಂಟೂವರೆ. ಈಗ ಹನ್ನೊಂದಾಗುತ್ತ ಬಂದಿತ್ತು. ಮನೆಯ ಮುಂದೆ ಶಾಮಿಯಾನ ಕಟ್ಟಿದ್ದರು. ಅತ್ತು ದಣಿದ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು; ಹೊಸಬರು ಬಂದಾಗ ಒಮ್ಮೆ ದನಿ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು.

"ಮೈ ತೊಳದಾತು. ಜಲ್ದಿ ಸೀರಿ ಕೊಡವಾ," ಎನ್ನುತ್ತ ಒಳಬಂದಳು ಸಾಬಣ್ಣನ ಅಕ್ಕ ಬಾಲಮ್ಮ. "ಆಕಿ ಚಲೋ ಸೀರಿ ಆ ಬ್ಯಾಗಿನ್ಯಾಗೇ ಅದಲ್ಲ? ಅದನ್ನೇ ಉಡಸ್ರಿ."

"ಬ್ಯಾಡ ಅತ್ತಿ. ಅವ್ವನ ತವರಿಂದ ಮಾಮಾ ಬಿಳಿ ಸೀರಿ ತಂದಾನ, ಅದು ಸಾಕು," ಎಂದಳು ಸುಮಂಗಲಾ. "ಸಿಂಗಾರ ಮಾಡಿಕೊಂಡಿದ್ದು ಸಾಕು ಆಕಿ."

ಝಿಪ್ಪು ತೆರೆದುಕೊಂಡಿತು. ಮೇಲೆಯೇ ಸೀರೆ ಇತ್ತು. ಬೂದು ಬಣ್ಣದ ಕಾಟನ್ ಸೀರೆ, ಬೆರಳಗಲದ ಕೆಂಪು ಅಂಚು. ಗಂಜಿ ಹಾಕಿ ಇಸ್ತ್ರಿ ಮಾಡಿಸಿ, ಮಡಿಕೆ ಮುರಿಯಬಾರದೆಂದು ದೇವಕಮ್ಮ ನಡುನಡುವೆ ಪೇಪರ್ ಇಟ್ಟಿದ್ದಳು. ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಚಪ್ಪಲಿ, ಚಿಕ್ಕ ಕನ್ನಡಿ, ಪೌಡರ್, ಎರಡು ದಿನದ್ದಷ್ಟೇ ಕತ್ತರಿಸಿಟ್ಟ ಬಿಪಿ ಗುಳಿಗೆ. ತಳದಲ್ಲಿ ಕಡಕ್ ರೊಟ್ಟಿಯ ತಗಡಿನ ಡಬ್ಬಿ ಮತ್ತು ಲೈಸೆನ್ಸಿನ ಫೈಲು. ಡಬ್ಬಿ ಅಲ್ಲಾಡದಂತೆ ಸುತ್ತಲೂ ಹಳೆಯ ಟವೆಲ್ ತುರುಕಿದ್ದಳು.

"ಸುಮಾ," ಎಂದಳು ಗೌಹರಬೇಗಂ. ಬಹಳ ಹೊತ್ತಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತು. "ಆ ಡಬ್ಬಿ, ಫೈಲು ನಂಗ ಬೇಕು ಬೇಟಾ. ನಾಕೂವರಿ ಬಸ್ಸಿಗಿ ಹೋಗಬೇಕು."

"ಎಲ್ಲಿಗಿ?"

"ಹೈದರಾಬಾದಿಗಿ. ನಾಳಿ ಹನ್ನೊಂದಕ್ಕ ಕಂಪನಿಯವ್ರು ಕರದಾರ."

ಸುಮಂಗಲಾ ತಲೆ ಎತ್ತಿ ನೋಡಿದಳು. "ಅವ್ವನ ಹೆಣ ಇನ್ನಾ ಮನ್ಯಾಗ ಅದ, ಚಿಗವ್ವ."

"ಗೊತ್ತದ."

"ಗೊತ್ತಿದ್ದೂ ಕೇಳತಿ?"

ಗೌಹರಬೇಗಂ ಹೊಸ್ತಿಲ ಮೇಲೆ ಕೂತುಬಿಟ್ಟಳು. ಎರಡು ಸಲ ಅವರೇ ದಿನ ಮುಂದೂಡಿದ್ದರು, ನಾಳೆ ಕಡೆಯ ದಿನ, ಹದಿನಾಲ್ಕು ಅಂಗಡಿಗಳಿಗೆ ವರ್ಷವಿಡೀ ರೊಟ್ಟಿ ಕೊಡುವ ಮಾತು, ರೊಟ್ಟಿ ಬಡಿಯುವ ಹನ್ನೊಂದು ಹೆಂಗಸರು ಹೊರಗೆ ಶಾಮಿಯಾನದ ಕೆಳಗೇ ಕೂತಿದ್ದಾರೆ. ಇದನ್ನೆಲ್ಲ ಹೇಳಬೇಕಿತ್ತು. ಮೊಣಕಾಲು ಹಿಡಿದುಕೊಂಡು ಅವಳು ಇಷ್ಟೇ ಅಂದಳು: "ಮೂರು ದಿನದಾಗ ಮೂರು ಸಲ ಮಾಡ್ಯಾಳ ಆ ರೊಟ್ಟಿ. ಅಂಚು ಮುರದಿದ್ದು ಒಂದೂ ಇಡಲಿಲ್ಲ."

*

ಏಳು ವರ್ಷದ ಹಿಂದೆ ಇಬ್ಬರೂ ಮೊದಲ ಸಲ ಕಲಬುರಗಿಗೆ ಹೋದಾಗ ಬ್ಯಾಗೂ ಇರಲಿಲ್ಲ, ಸೀರೆಗೆ ಪಿನ್ನೂ ಇರಲಿಲ್ಲ. ನಸುಕಿನಲ್ಲಿ ರೊಟ್ಟಿ ಬಡಿದು, ಉಟ್ಟ ಸೀರೆಯಲ್ಲೇ, ಸೆರಗಿಗೆ ಮೆತ್ತಿದ ಹಿಟ್ಟಿನೊಂದಿಗೆ ಬಸ್ಸು ಹತ್ತಿದ್ದರು. ರೊಟ್ಟಿ ಸಕ್ಕರೆ ಚೀಲದಲ್ಲಿತ್ತು.

ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ವಾಚ್‌ಮನ್ ದೂರದಿಂದಲೇ ಕೈ ಮಾಡಿದ. "ಕೂಲಿಯವ್ರು ಹಿಂದಿನ ಗೇಟಿಗಿ ಹೋಗ್ರಿ."

"ಕೂಲಿಗಿ ಬಂದಿಲ್ಲರೀ," ಎಂದಿದ್ದಳು ದೇವಕಮ್ಮ. "ಮಾಲ್ ತೋರಸಾಕ ಬಂದೀವಿ."

"ಅದೇ, ಹಿಂದಿನ ಗೇಟಿಗಿ."

ಹಿಂದಿನ ಗೇಟಿನ ಪಕ್ಕದಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಮೂರು ಗಂಟೆಯವರೆಗೆ ಕೂತರು. ಕೊನೆಗೆ ಒಬ್ಬ ಬಂದ. ಚೀಲದ ಬಾಯಿ ಬಿಚ್ಚಿಸಲಿಲ್ಲ. ಯಾವ ಊರು, ಯಾವ ಓಣಿ ಎಂದು ಕೇಳಿದ. ದೇವಕಮ್ಮ ಇದ್ದದ್ದನ್ನು ಹೇಳಿದಳು. ಅವನು "ಹೇಳಿ ಕಳಸತೀವಿ" ಎಂದು ಒಳಗೆ ಹೋದ.

ತಿರುಗಿ ಬಂದು ದೇವಕಮ್ಮ ಯಾದಗಿರಿಯಲ್ಲಿ ಬಸ್ಸು ಇಳಿಯುವಾಗ ಹೇಳಿದಳು: "ಅವ್ರು ರೊಟ್ಟಿ ನೋಡಲೇ ಇಲ್ಲ ಗೌಹರ್. ನಮ್ಮನ್ನ ನೋಡಿ ಕಳಸಿದ್ರು. ಓಣಿ ಬದಲಿ ಮಾಡಾಕ ಬರಂಗಿಲ್ಲ. ಸೀರಿ ಬದಲಿ ಮಾಡಬಹುದು."

ಬೂದು ಸೀರೆಯನ್ನು ಶಹಾಪುರದ ಬಟ್ಟೆ ಅಂಗಡಿಯಲ್ಲಿ ಆರಿಸಿದ್ದು ಒಂದು ಗಂಟೆ. ಅಂಗಡಿಯವನು ಮಿಂಚಿನ ಸೀರೆಗಳನ್ನೇ ಬಿಚ್ಚಿ ಬಿಚ್ಚಿ ಹಾಕಿದ. "ಆಫೀಸಿಗಿ ಹೋಗೋ ಹೆಣ್ಣಮಕ್ಕಳು ಉಡತಾರಲ್ಲ, ಅಂಥಾದ್ದು" ಎಂದು ಅವಳು ಹಟ ಹಿಡಿದಳು. ನೆರಿಗೆ ಹಿಡಿದು ಪಿನ್ ಹಾಕುವುದನ್ನು ಮಗಳಿಂದ ಕಲಿತಳು. ಆಗಿನ್ನೂ ಸುಮಂಗಲಾಗೆ ಹೊಸ ನೌಕರಿ. ಅವ್ವನನ್ನು ಕನ್ನಡಿಯ ಮುಂದೆ ನಿಲ್ಲಿಸಿ ನಕ್ಕು ನಕ್ಕು ಕಲಿಸಿದ್ದಳು. "ಹೊಟ್ಟಿ ಒಳಗ ತಗೋ ಅವ್ವ, ಹಿಂಗ ಕುಂತ್ರ ನೆರಗಿ ಬಿಚ್ಚತದ."

ಮರುವರ್ಷ ಮತ್ತೆ ಅದೇ ಅಂಗಡಿ. ಅದೇ ವಾಚ್‌ಮನ್ ಗಾಜಿನ ಬಾಗಿಲು ತೆಗೆದು ಹಿಡಿದ. ಅವನಿಗೆ ಗುರುತು ಹತ್ತಲಿಲ್ಲ. ಒಳಗಿದ್ದವನು ಕುರ್ಚಿ ತೋರಿಸಿ, ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, "ಯಾರ ಕೈಲಿಂದ ಮಾಡಸ್ತೀರಿ ಮೇಡಂ?" ಎಂದ.

"ಹನ್ನೊಂದು ಮಂದಿ ಹೆಣ್ಣಮಕ್ಕಳ ಕೈಲಿಂದ," ಎಂದಳು ದೇವಕಮ್ಮ. ಅವನು ಮತ್ತೇನೂ ಕೇಳಲಿಲ್ಲ. ಹೊರಗೆ ಬಂದು ದೇವಕಮ್ಮ ರಸದಂಗಡಿಯ ಕಟ್ಟೆಯ ಮೇಲೆ ಕೂತು ಎರಡು ಗ್ಲಾಸು ಕಬ್ಬಿನ ಹಾಲು ಕುಡಿದಳು.

*

"ನಾನೇ ಫೋನ್ ಮಾಡತೀನಿ," ಎಂದು ಸುಮಂಗಲಾ ಎದ್ದಳು. "ಹಿಂಗಾಗ್ಯಾದ ಅಂತ ಹೇಳತೀನಿ. ಎಂಟು ದಿನ ಬಿಟ್ಟು ಕರೀತಾರ. ಅವ್ರೂ ಮನುಷ್ಯಾರೇ ಅಲ್ಲ?"

ಅವ್ವನ ಫೋನಿನಲ್ಲಿ ಕಂಪನಿಯವನ ಹೆಸರು ಎಲ್ಲಕ್ಕಿಂತ ಮೇಲೆಯೇ ಇತ್ತು. ಹಿತ್ತಿಲಲ್ಲಿ ನಿಂತು ಫೋನ್ ಹಚ್ಚಿದಳು. ಮೊದಲ ರಿಂಗಿಗೇ ಆ ಕಡೆಯ ಗಂಡು ದನಿ, "ಹಾಂ ದೇವಕಮ್ಮಾ ಮೇಡಂ, ಬಸ್ಸು ಹತ್ತಿದ್ರಾ?" ಎಂದು ಹಿಂದಿಯಲ್ಲಿ ಕೇಳಿತು.

ಊರಲ್ಲಿ, ತನ್ನ ಅತ್ತೆಯ ಮನೆಯಲ್ಲಿ, 'ನಿಮ್ಮವ್ವ ಮೇಡಂ ಆಗ್ಯಾಳಂತ' ಎಂಬ ಮಾತನ್ನು ಸುಮಂಗಲಾ ಎಷ್ಟೋ ಸಲ ಕೇಳಿದ್ದಳು. ಹೀಗೆ, ಹಂಗಿಸದೆ, ಬರೇ ಕರೆಯುವುದಕ್ಕೆಂದು ಯಾರೂ ಕರೆದದ್ದನ್ನು ಕೇಳಿರಲಿಲ್ಲ.

ವಿಷಯ ಹೇಳಿದಳು. ಅವನು ನಿಧಾನವಾಗಿ ಮಾತಾಡಿದ. ಅವರು ನನಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು, ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ, ಎಂದ. ರೊಟ್ಟಿ ಕೊಡುವವರ ಪಟ್ಟಿ ನಾಳೆ ಸಂಜೆಗೆ ಮುಚ್ಚುತ್ತದೆ, ಅದು ನನ್ನ ಕೈಯಲ್ಲಿಲ್ಲ, ಯಾರಾದರೂ ಒಬ್ಬರು ಬಂದರೆ ಹನ್ನೊಂದಕ್ಕೆ ನಾನೇ ಬಾಗಿಲಲ್ಲಿ ನಿಂತಿರುತ್ತೇನೆ, ಎಂದ. ಫೋನಿಡುವ ಮೊದಲು, "ಮೇಡಂ ಕೋ ಮೇರಾ ಸಲಾಂ" ಎಂದ.

ಅವಳು ಒಳಗೆ ಬರಲಿಲ್ಲ. ಹಿತ್ತಿಲ ಒಲೆಯ ಬಳಿ ಹೋಗಿ ನಿಂತಳು. ಒಲೆಯ ಪಕ್ಕ ಮುರಿದ ರೊಟ್ಟಿಗಳ ರಾಶಿ ಒಂದು ಬುಟ್ಟಿಯಲ್ಲಿತ್ತು, ಮೇಲೆ ಅರಿವೆ ಮುಚ್ಚಿತ್ತು.

ಸಾಬಣ್ಣ ಅಲ್ಲೇ ನೀರಿನ ಹೌದಿನ ಕಟ್ಟೆಗೆ ಒರಗಿ ಕೂತಿದ್ದ. ಗೌಹರಬೇಗಂ ಅವನ ಮುಂದೆ ಬಂದು ನಿಂತಳು.

"ಹ್ಯಾಂಗ ಮಾಡ್ಲಿ ಅಣ್ಣ? ನಂಗ ಒಬ್ಬಾಕಿಗಿ ಹೋಗಿ ಗೊತ್ತಿಲ್ಲ. ಮಾತಾಡಾಕಿ ಆಕಿ. ನಾ ಬರೇ ಡಬ್ಬಿ ಹಿಡಕೊಂಡು ಬಾಜೂಕ ಕುಂದರತಿದ್ದೆ."

ಸಾಬಣ್ಣ ನೆಲ ನೋಡುತ್ತಲೇ ಹೇಳಿದ: "ಹೋಗು ತಂಗಿ. ಇಲ್ಲಿದ್ದು ಏನ್ ಮಾಡತಿ? ಇವತ್ತ ಅಳತಿ, ನಾಳಿನೂ ಅಳತಿ. ರೊಟ್ಟಿ ಮೆತ್ತಗಾಗತಾವ."

*

ಮಣ್ಣಿಗೆ ಎರಡು ಗಂಟೆಗೆ ಒಯ್ಯುವುದೆಂದು ಹಿರಿಯರು ಹೇಳಿ ಕಳಿಸಿದರು. ಬಾಲಮ್ಮ ಬಿಳಿ ಸೀರೆ ಬಿಚ್ಚಿ ಹಿಡಿದು ಕಾಯುತ್ತಿದ್ದಳು. ಸುಮಂಗಲಾ ಬೂದು ಸೀರೆಯನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು ಬಂದಳು. ಪೇಪರ್‌ಗಳು ಇನ್ನೂ ಅದರೊಳಗೇ ಇದ್ದವು.

"ಇದನ್ನ ಉಡಸೂಣು ಅತ್ತಿ. ಮಾಮಾನ ಸೀರಿ ಮ್ಯಾಲ ಹೊಚ್ಚೂಣು."

ಬಾಲಮ್ಮ ತಮ್ಮನ ಮಗಳ ಮುಖ ನೋಡಿ ಬಿಳಿ ಸೀರೆಯನ್ನು ಮಡಿಚಿದಳು.

ನೆರಿಗೆ ಕೂಡಲಿಲ್ಲ. ಮಲಗಿದ ಮೈಗೆ ಸೀರೆ ಉಡಿಸುವುದು ಸುಮಂಗಲಾಗೆ ಬರಲಿಲ್ಲ. ಮೂರು ಸಲ ಹಿಡಿದಳು, ಮೂರು ಸಲವೂ ಜಾರಿತು. ಬಾಗಿಲಲ್ಲಿದ್ದ ಗೌಹರಬೇಗಂ ಬುರ್ಖಾದ ತೋಳು ಮೇಲೆ ಸರಿಸಿ ಪಕ್ಕಕ್ಕೆ ಕೂತಳು.

"ನೀ ಸೊಂಟ ಹಿಡಿ. ಪಿನ್ ನಾ ಹಾಕತೀನಿ. ಪ್ರತಿ ಸಲ ನಾನೇ ಹಾಕಾಕಿ, ಹಿಂದ ನಿಂತು."

ಏಳು ನೆರಿಗೆ ಬಂದವು. ಗೌಹರಬೇಗಂ ಒಂದು ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇನ್ನೊಂದನ್ನು ಭುಜಕ್ಕೆ ಚುಚ್ಚುವಾಗ, ಅಭ್ಯಾಸದಂತೆ, ಮೈಗೆ ತಾಗಬಾರದೆಂದು ತನ್ನ ಬೆರಳನ್ನು ಅಡ್ಡ ಇಟ್ಟಳು.

"ನಿನ್ನಿ ಫೋನಿನ್ಯಾಗ ನಾ ಏನಂದೆ ಗೊತ್ತದನ ಚಿಗವ್ವ?" ಎಂದಳು ಸುಮಂಗಲಾ.

"ಗೊತ್ತದ. ಸ್ಪೀಕರ್ ಹಚ್ಚಿದ್ದಳು. ಕೈ ಹಿಟ್ಟಾಗಿದ್ವು."

ಸುಮಂಗಲಾಳ ಕೈ ನಿಂತಿತು. ಬಿಪಿ ತೋರಿಸಲು ದವಾಖಾನೆಗೆ ಬಾ ಎಂದು ಅವ್ವನನ್ನು ಕರೆಯಲು ಮಾಡಿದ ಫೋನು ಅದು. ಅವ್ವ ಹೈದರಾಬಾದಿನ ಸುದ್ದಿ ತೆಗೆದಾಗ ಸಿಟ್ಟು ನೆತ್ತಿಗೇರಿತ್ತು. ಈ ವಯಸ್ಸಿನ್ಯಾಗ ಪಿನ್ ಹಾಕ್ಕೊಂಡು ಪೌಡರ್ ಹಚ್ಚಿಕೊಂಡು ಊರೂರು ತಿರಗತಿ, ಯಾರಿಗಿ ತೋರಸಾಕ? ಎಂದಿದ್ದಳು. ಒಲೆಯ ಸುತ್ತ ಎಷ್ಟು ಜನರಿದ್ದರೋ.

"ಆಮ್ಯಾಲ ಏನಂದಳು?"

"ಏನೂ ಅನಲಿಲ್ಲ. ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿದಳು."

"ಖರೇ ಹೇಳು."

ಗೌಹರಬೇಗಂ ಸೆರಗಿನ ಅಂಚನ್ನು ಅಂಗೈಯಿಂದ ತೀಡಿದಳು. "ಸುಳ್ಳು ಯಾಕ ಹೇಳ್ಲಿ. ಬ್ಯಾಸರಾತು ಆಕಿಗಿ. ಸಾಕಾಗ್ಯಾದ ಗೌಹರ್, ಇದೊಂದು ಆಗಲಿ, ಮುಂದಿನ ಸಲ ನೀ ಹೋಗು ಅಂದಳು. ನಂಗ ಮಾತು ಬರಂಗಿಲ್ಲ ಅಂದೆ. ಹೈದರಾಬಾದಿನ್ಯಾಗ ನಿನ್ನ ಮನಿ ಉರ್ದೂನೇ ನಡೀತದ, ನಾ ಮುರಕ ಹಿಂದಿ ಮಾತಾಡಿ ಸಾಯತೀನಿ ಅಂತ ನಕ್ಕಳು. ಆಮ್ಯಾಲ ಕುಂತು ಬ್ಯಾಗ್ ತುಂಬಿದಳು."

"ನಕ್ಕಳಾ?"

"ನಕ್ಕಳು. ನಕ್ಕಿದ್ದೂ ಖರೇ, ಬ್ಯಾಸರಾಗಿದ್ದೂ ಖರೇ."

ಸುಮಂಗಲಾ ಅವ್ವನ ಪಾದದ ಹತ್ತಿರ ತಲೆ ಇಟ್ಟು ಅತ್ತಳು. ಬೆಳಗಿನಿಂದ ಬಾರದ ಅಳು. ಗೌಹರಬೇಗಂ ಅವಳನ್ನು ಎಬ್ಬಿಸಲಿಲ್ಲ. ನೆರಿಗೆ ಕೆಡದಂತೆ ಸೀರೆಯ ಅಂಚನ್ನು ಸ್ವಲ್ಪ ಆಚೆಗೆ ಸರಿಸಿದಳು.

ಹೊರಗೆ ಬಿಳಿ ಅಂಗಿ ತೊಟ್ಟವರು ಬುದ್ಧನ ತ್ರಿಸರಣ ಹೇಳಲು ಶುರುಮಾಡಿದರು.

*

ಮಣ್ಣು ಮುಗಿಯುವಾಗ ನಾಲ್ಕು ದಾಟಿತ್ತು. ಸ್ಮಶಾನದ ಹೊಲದಿಂದ ಹೆದ್ದಾರಿಗೆ ಇನ್ನೂರು ಹೆಜ್ಜೆ. ಗೌಹರಬೇಗಂ ಒಂದು ಹಿಡಿ ಮಣ್ಣು ಹಾಕಿ, ಅಲ್ಲಿಂದಲೇ ರಸ್ತೆಗೆ ನಡೆದಳು. ಬ್ಯಾಗು ಹಿಡಿದುಕೊಂಡು ಸುಮಂಗಲಾ ಹಿಂದೆ ಬಂದಳು. ಫೈಲನ್ನು ಮೇಲೆ ಇಟ್ಟಿದ್ದಳು, ಗೌಹರಬೇಗಂನ ಇಸ್ತ್ರಿ ಮಾಡಿದ ಸೀರೆಯೊಂದನ್ನು ಅವಳ ಮನೆಯಿಂದ ತರಿಸಿ ಇಟ್ಟಿದ್ದಳು.

"ಬುರ್ಖಾದ ಒಳಗ ಯಾರು ನೋಡತಾರ ಬೇಟಾ?"

"ಆಫೀಸಿನ್ಯಾಗ ತೆಗದು ಕುಂದರು. ಹೊಟ್ಟಿ ಒಳಗ ತಗೊಂಡು ಕುಂದರು."

ಯಾದಗಿರಿಯಿಂದ ಬರುವ ಎಕ್ಸ್‌ಪ್ರೆಸ್ ಬಸ್ಸು ಊರ ಮುಂದೆ ನಿಲ್ಲುವುದಿಲ್ಲ. ದೂರದ ತಿರುವಿನಲ್ಲಿ ಅದರ ಗಾಜು ಹೊಳೆದಾಗ ಇಬ್ಬರೂ ಕೈ ಬೀಸಿದರು. ಬಸ್ಸಿನ ವೇಗ ಕಡಿಮೆಯಾಗಲಿಲ್ಲ. ಆಗ ಹಿಂದಿನಿಂದ ಯಾರೋ ಓಡಿ ಬಂದ ಸದ್ದಾಯಿತು. ಸಾಬಣ್ಣ. ಇನ್ನೂ ಮಣ್ಣಾದ ಕೈಕಾಲು ತೊಳೆದಿರಲಿಲ್ಲ. ನೇರ ರಸ್ತೆಯ ನಡುವೆ ಹೋಗಿ, ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ.

ಬಸ್ಸು ಅವನಿಂದ ಮೂರು ಮಾರು ದೂರದಲ್ಲಿ ಕಿರುಗುಟ್ಟಿ ನಿಂತಿತು.

"ಸಾಯಾಕ ಬಂದೀಯೇನೋ ಮುದುಕಾ!" ಡ್ರೈವರ್ ಕೂಗಿದ.

"ಹೈದರಾಬಾದಿಗಿ ಒಬ್ರು ಇದ್ದಾರರಿ," ಎಂದ ಸಾಬಣ್ಣ. ಉಸಿರು ಏರಿತ್ತು. "ಮೇಡಂ ಇದ್ದಾರ. ಕುಂದರಸಿಕೊಂಡು ಹೋಗ್ರಿ."

ಕಂಡಕ್ಟರ್ ಬಾಗಿಲು ತೆಗೆದ. ಗೌಹರಬೇಗಂ ಹತ್ತಿದಳು, ಬ್ಯಾಗನ್ನು ಸುಮಂಗಲಾ ಕೆಳಗಿನಿಂದ ಎರಡೂ ಕೈಯಲ್ಲಿ, ಅಲ್ಲಾಡದಂತೆ, ಎತ್ತಿ ಕೊಟ್ಟಳು. ಬಾಗಿಲು ಹಾಕಿಕೊಂಡಿತು. ಸಾಬಣ್ಣ ಬಸ್ಸಿನ ಬದಿಗೆ ಬಂದು, ಹೋಗಬಹುದು ಎಂಬಂತೆ ಅಂಗೈಯಿಂದ ಎರಡು ಸಲ ಬಡಿದ.

ಬಸ್ಸು ಗುರುಮಠಕಲ್ ಕಡೆಗೆ ಹೊರಟಿತು. ಅದರ ಬಿಳಿ ತಗಡಿನ ಮೇಲೆ ಕರಿಮಣ್ಣಿನ ಐದು ಬೆರಳು ಮೂಡಿದ್ದವು. ಬಹಳ ದೂರದವರೆಗೆ ಕಾಣುತ್ತಿದ್ದವು.